ಸಹಾರೋ ಸಾಂತಾಕ್ರೂಜೋ? ಊರಿನವರನ್ನು ಮುಂಬೈಯಿಂದ ವಿಮಾನ ಹತ್ತಿಸುವ ಕ್ರಮ

ಊರಿನಿಂದ ಅಪ್ಪ ಅಮ್ಮ ಮತ್ಸ್ಯಗಂಧ ರೈಲಿನಲ್ಲಿ ಬಂದು ಕುರ್ಲಾದ ಎಲ್‌ಟಿಟಿ ನಿಲ್ದಾಣದಲ್ಲಿ ಇಳಿಯುತ್ತಾರೆ. ನಾಲ್ಕು ದಿನ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಉಳಿದು, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ದುಬೈಗೋ ಹೊರಡುತ್ತಾರೆ. ಹತ್ತಿಸುವ ಜವಾಬ್ದಾರಿ ಮುಂಬೈಯಲ್ಲಿರುವ ಮಗನದು, ಅಳಿಯನದು, ಯಾರೂ ಇಲ್ಲದಿದ್ದರೆ ಊರಿನ ಪರಿಚಯದ ಹೋಟೆಲಿನವರದು. ವಿಮಾನ ತಪ್ಪಿಸಿಕೊಂಡವರನ್ನು ಕೇಳಿ ನೋಡಿ, ಹೆಚ್ಚಿನ ಸಲ ತಪ್ಪು ಆಗಿರುವುದು ಮನೆಯಲ್ಲೇ, ಹಿಂದಿನ ದಿನವೇ. ತಾರೀಕು ಓದಿದ್ದು ತಪ್ಪು, ಟರ್ಮಿನಲ್ ನೋಡಲೇ ಇಲ್ಲ, ಚೀಲದೊಳಗೆ ಕೊಬ್ಬರಿ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಮನೆಯಲ್ಲಿ ಮಾಡಬೇಕಾದ ಕೆಲಸದ ಬಗ್ಗೆಯೇ ಇದೆ.

ಮೊದಲು ಟಿಕೆಟ್ ಓದಿ, ಎರಡು ಸಲ

ಟಿಕೆಟಿನಲ್ಲಿ ನೋಡಬೇಕಾದ್ದು ಮೂರು: ಏರ್‌ಪೋರ್ಟಿನ ಕೋಡ್, ಟರ್ಮಿನಲ್, ತಾರೀಕು.

ಮುಂಬೈಗೆ ಈಗ ಎರಡು ಏರ್‌ಪೋರ್ಟ್. ಹಳೆಯದು ಛತ್ರಪತಿ ಶಿವಾಜಿ ಮಹಾರಾಜ ವಿಮಾನ ನಿಲ್ದಾಣ, ಕೋಡ್ ಬಿಒಎಂ. ಹೊಸದು ನವಿ ಮುಂಬೈಯದು, ಉಳ್ವೆ ಕಡೆ, ಕೋಡ್ ಎನ್‌ಎಂಐ. ಅಲ್ಲಿಂದ ಪ್ರಯಾಣಿಕ ವಿಮಾನಗಳು ಹಾರಲು ಶುರುವಾದದ್ದು 2025ರ ಡಿಸೆಂಬರ್ 25ರಂದು. ಟಿಕೆಟ್ ಹುಡುಕುವಾಗ ಬರೀ 'ಮುಂಬೈ' ಎಂದು ಹಾಕಿದರೆ ಎರಡೂ ಬರುತ್ತವೆ, ಅಗ್ಗದ್ದು ಕಂಡ ಕೂಡಲೇ ಬೆರಳು ಒತ್ತಿಬಿಡುತ್ತದೆ. ನೆರೂಲ್, ಪನ್ವೇಲ್ ಕಡೆಯವರಿಗೆ ಹೊಸದು ವರವೇ. ಅಂಧೇರಿಯವರಿಗೆ ಅದು ಇನ್ನೊಂದು ಊರಿದ್ದ ಹಾಗೆ. ಮಂಗಳೂರಿನಿಂದ ಒಂದರಲ್ಲಿ ಇಳಿದು ಇನ್ನೊಂದರಿಂದ ವಿದೇಶಕ್ಕೆ ಹಾರುವ ಲೆಕ್ಕಾಚಾರವಂತೂ ಬೇಡ. ನಡುವೆ 30 ಕಿಲೋಮೀಟರಿಗೂ ಹೆಚ್ಚಿನ ರಸ್ತೆ, ಅದರ ಮೇಲೆ ಮುಂಬೈಯ ಟ್ರಾಫಿಕ್.

ಹಳೆಯ ಏರ್‌ಪೋರ್ಟಿನಲ್ಲಿ ಎರಡು ಟರ್ಮಿನಲ್. ಟಿ1 ಇರುವುದು ವಿಲೇಪಾರ್ಲೆ ಪೂರ್ವದಲ್ಲಿ, ಹಳಬರ ಬಾಯಲ್ಲಿ ಇವತ್ತಿಗೂ 'ಸಾಂತಾಕ್ರೂಜ್'. ಅಲ್ಲಿಂದ ದೇಶದೊಳಗಿನ ವಿಮಾನಗಳು ಮಾತ್ರ. ಟಿ2 ಅಂಧೇರಿ ಪೂರ್ವದ 'ಸಹಾರ್'. ವಿದೇಶದ ವಿಮಾನಗಳೆಲ್ಲ ಇಲ್ಲಿಂದಲೇ, ಜೊತೆಗೆ ದೇಶದೊಳಗಿನವೂ ಸಾಕಷ್ಟು. ಎಡವಟ್ಟು ಆಗುವುದು ಇಲ್ಲೇ: 'ಡೊಮೆಸ್ಟಿಕ್ ಅಂದರೆ ಸಾಂತಾಕ್ರೂಜ್' ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ಒಂದೇ ಕಂಪನಿಯ ಬೆಳಗಿನ ವಿಮಾನ ಟಿ1ರಿಂದ, ಸಂಜೆಯದು ಟಿ2ರಿಂದ ಇರಬಹುದು. ಬುಕ್ ಮಾಡಿದ ಮೇಲೆ ಟರ್ಮಿನಲ್ ಬದಲಾಗುವುದೂ ಉಂಟು. ವೆಬ್ ಚೆಕ್‌ಇನ್ ಮಾಡಿದ ಮೇಲೆ ಬರುವ ಬೋರ್ಡಿಂಗ್ ಪಾಸ್ ಹೇಳಿದ್ದನ್ನು ನಂಬಿ, ಮೂರು ತಿಂಗಳ ಹಿಂದಿನ ಟಿಕೆಟನ್ನಲ್ಲ. ಎರಡಕ್ಕೂ ನಡುವೆ ನಡೆದು ದಾಟುವ ಒಳದಾರಿ ಇಲ್ಲ. ರಸ್ತೆಯಲ್ಲಿ ಸುತ್ತಿ ಹೋಗಲು ಸಂಜೆ ಹೊತ್ತು ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಟ್ಯಾಕ್ಸಿಯವನಿಗೆ 'ಏರ್‌ಪೋರ್ಟ್' ಎನ್ನಬೇಡಿ. 'ಸಹಾರ್, ಟಿ ಟೂ' ಅಥವಾ 'ಪಾರ್ಲಾ, ಟಿ ವನ್' ಎನ್ನಿ.

ಇನ್ನು ತಾರೀಕು. ಮುಂಬೈಯಿಂದ ವಿದೇಶಕ್ಕೆ ಹೋಗುವ ವಿಮಾನಗಳಲ್ಲಿ ಬಹಳಷ್ಟು ಹಾರುವುದು ನಡುರಾತ್ರಿ ದಾಟಿದ ಮೇಲೆ. ಟಿಕೆಟಿನಲ್ಲಿ 'ಜೂನ್ 12, 01:30' ಎಂದಿದ್ದರೆ ಮನೆ ಬಿಡಬೇಕಾದ್ದು ಜೂನ್ 11ರ ರಾತ್ರಿ ಊಟ ಮುಗಿಸಿ. 12ರ ರಾತ್ರಿ ಹೊರಟವರಿಗೆ ವಿಮಾನ ಹೋಗಿ ಸುಮಾರು ಒಂದು ದಿನ ಆಗಿರುತ್ತದೆ. ಸೂರ್ಯ ಹುಟ್ಟಿದಾಗ ದಿನ ಬದಲಾಗುತ್ತದೆ ಎಂಬ ನಮ್ಮ ಪಂಚಾಂಗದ ಲೆಕ್ಕ ಏರ್‌ಲೈನಿಗೆ ಗೊತ್ತಿಲ್ಲ. ಮನೆಯ ಕ್ಯಾಲೆಂಡರಿನಲ್ಲಿ ವಿಮಾನದ ತಾರೀಕಿಗೆ ಗುರುತು ಹಾಕಬೇಡಿ. 11ರ ಚೌಕದಲ್ಲಿ 'ರಾತ್ರಿ 9ಕ್ಕೆ ಮನೆಯಿಂದ' ಎಂದು ಬರೆಯಿರಿ. ರೈಲಿನ ಟಿಕೆಟ್, ರಜೆ, ಕಾರು ಎಲ್ಲವನ್ನೂ ಆ ಚೌಕದಿಂದ ಲೆಕ್ಕ ಹಾಕಿ.

ಹೆಸರಿನ ತೊಡಕು

ನಮ್ಮ ಕಡೆ ಇನಿಷಿಯಲ್ ಇಟ್ಟುಕೊಂಡೇ ಬದುಕು ಕಳೆದವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. 2022ರ ನವೆಂಬರಿನಿಂದ ಯುಎಇ ಪ್ರವಾಸಿ ಮತ್ತು ವಿಸಿಟ್ ವೀಸಾದವರಿಗೆ ಒಂದೇ ಪದದ ಹೆಸರನ್ನು ಒಪ್ಪುತ್ತಿಲ್ಲ. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಅದನ್ನು ಪರಿಗಣಿಸುತ್ತಾರೆ. ಆದರೆ ಚೆಕ್‌ಇನ್ ಕೌಂಟರಿನಲ್ಲಿ ಇದನ್ನು ವಾದಿಸಿ ಗೆಲ್ಲುವ ಆಸೆ ಇಟ್ಟುಕೊಳ್ಳಬೇಡಿ. ಟಿಕೆಟ್ ತೆಗೆಯುವ ಮೊದಲೇ ಏರ್‌ಲೈನಿನವರಿಂದ ಬರಹದಲ್ಲಿ ಉತ್ತರ ಪಡೆಯಿರಿ. ಸಮಯವಿದ್ದರೆ ಪಾಸ್‌ಪೋರ್ಟಿನಲ್ಲೇ ಸರ್‌ನೇಮ್ ಸೇರಿಸಿಕೊಳ್ಳುವುದು ವಾಸಿ.

ದೇಶದೊಳಗಿನ ಪ್ರಯಾಣಕ್ಕೂ ಹೆಸರು ಮುಖ್ಯ. ಟರ್ಮಿನಲ್ ಬಾಗಿಲಿನಲ್ಲಿ ಭದ್ರತೆಯ ಸಿಐಎಸ್‌ಎಫ್‌ನವರು ಟಿಕೆಟಿನ ಹೆಸರನ್ನು ಆಧಾರಿನ ಹೆಸರಿನ ಜೊತೆ ಹೋಲಿಸುತ್ತಾರೆ. ಮನೆಯಲ್ಲಿ ಎಲ್ಲರೂ 'ಗಿರಿಜಕ್ಕ' ಎಂದರೂ ಟಿಕೆಟಿನಲ್ಲಿ ಇರಬೇಕಾದ್ದು ಕಾರ್ಡಿನಲ್ಲಿರುವ ಹೆಸರು. ಒಂದು ಅಕ್ಷರದ ತಪ್ಪನ್ನು ಸಾಮಾನ್ಯವಾಗಿ ಏರ್‌ಲೈನಿನವರು ಸರಿಪಡಿಸಿ ಕೊಡುತ್ತಾರೆ, ಹಿಂದಿನ ದಿನವೇ ಫೋನ್ ಮಾಡಿದರೆ.

ಪಾಸ್‌ಪೋರ್ಟಿನ ಅವಧಿ ಪ್ರಯಾಣದ ದಿನದಿಂದ ಕನಿಷ್ಠ 6 ತಿಂಗಳು ಉಳಿದಿರಲಿ, ಬಹಳ ದೇಶಗಳು ಅಷ್ಟು ಕೇಳುತ್ತವೆ.

ಚೀಲದಲ್ಲಿ ಏನು, ಏನಲ್ಲ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕೌಂಟರಿನ ಮುಂದೆ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಹಪ್ಪಳದ ಕಟ್ಟನ್ನು ಆ ಚೀಲದಿಂದ ಈ ಚೀಲಕ್ಕೆ ಹಾಕುವ ದೃಶ್ಯ ಟಿ2ರಲ್ಲಿ ದಿನವೂ ಕಾಣುತ್ತದೆ. ಮನೆಯಲ್ಲಿ ಹತ್ತು ನಿಮಿಷ ಕೂತರೆ ಅದು ತಪ್ಪುತ್ತದೆ.

ಕೊಬ್ಬರಿಯಿಂದ ಶುರು ಮಾಡೋಣ, ಏಕೆಂದರೆ ಅತಿ ಹೆಚ್ಚು ಸಿಕ್ಕಿಬೀಳುವುದು ಅದೇ. ಒಣಕೊಬ್ಬರಿ ಕೈಚೀಲಕ್ಕೂ ಬೇಡ, ಚೆಕ್‌ಇನ್ ಚೀಲಕ್ಕೂ ಬೇಡ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ಬಿಸಿಯಾದರೆ ತಾನಾಗಿಯೇ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ವಿಮಾನ ಸಾಗಣೆಯ ನಿಯಮ ಅದನ್ನು ಸೇರಿಸಿದೆ. 'ದೇವರಿಗೆ ಒಡೆಸಿದ್ದು, ಪ್ರಸಾದ' ಎಂದರೂ ಎಕ್ಸ್‌ರೇಗೆ ಭಕ್ತಿ ಇಲ್ಲ. ಚೀಲ ತೆಗೆದು ಬದಿಗಿಟ್ಟು, ನಿಮ್ಮನ್ನು ಕರೆದು, ಬಿಚ್ಚಿಸಿ, ತೆಗೆಸುತ್ತಾರೆ. ಆ ಕರೆ ಬರುವ ಹೊತ್ತಿಗೆ ಹಿರಿಯರು ಇಮಿಗ್ರೇಷನ್ ದಾಟಿ ಗೇಟಿನಲ್ಲಿ ಕೂತಿದ್ದರೆ, ಫೋನ್ ಸೈಲೆಂಟಿನಲ್ಲಿದ್ದರೆ, ಚೀಲ ಇಲ್ಲೇ ಉಳಿಯುತ್ತದೆ. ಅವರ ಫೋನಿನ ರಿಂಗ್ ಜೋರಾಗಿಡಿ, ಚೆಕ್‌ಇನ್ ಮಾಡುವಾಗ ಆ ನಂಬರನ್ನೇ ಕೊಡಿ.

ಉಪ್ಪಿನಕಾಯಿ, ತುಪ್ಪ, ಬೆಲ್ಲದ ಪಾಕ, ಲೇಹ್ಯ, ನೋವಿನ ಎಣ್ಣೆ ಇವೆಲ್ಲ ಸೆಕ್ಯುರಿಟಿಯ ಕಣ್ಣಿಗೆ ದ್ರವ. ವಿದೇಶ ಪ್ರಯಾಣದಲ್ಲಿ ಕೈಚೀಲಕ್ಕೆ ಒಂದು ಡಬ್ಬಿಗೆ 100 ಮಿಲಿ ಮಾತ್ರ. ಡಬ್ಬಿ ದೊಡ್ಡದಿದ್ದು ಒಳಗೆ ಅರ್ಧವೇ ಇದ್ದರೂ ಲೆಕ್ಕ ಡಬ್ಬಿಯದು. ಆದ್ದರಿಂದ ಇವು ಚೆಕ್‌ಇನ್ ಚೀಲಕ್ಕೆ. ಕಟ್ಟುವ ಕ್ರಮ ಹೀಗೆ: ಗಾಜಿನ ಭರಣಿ ಬೇಡ, ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಮುಕ್ಕಾಲು ಮಾತ್ರ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಅದರ ಮೇಲೆ ಮುಚ್ಚಳ ತಿರುಗಿಸಿ. ಮುಚ್ಚಳದ ಸುತ್ತ ಟೇಪ್ ಎರಡು ಸುತ್ತು. ಆಮೇಲೆ ಜಿಪ್ ಚೀಲ, ಅದರ ಹೊರಗೆ ಇನ್ನೊಂದು. ಇಟ್ಟ ಜಾಗ ಸೂಟ್‌ಕೇಸಿನ ನಡುಮಧ್ಯೆ, ಸುತ್ತ ಹಳೆಯ ಲುಂಗಿಯೋ ಟವೆಲೋ. ತುಂಬ ತುಂಬಿದ ಡಬ್ಬಿ ಸೋರಲು ಕಾರಣ ಮೇಲೆ ಗಾಳಿಯ ಒತ್ತಡ ಕಡಿಮೆಯಾಗುವುದು. ಎತ್ತರಕ್ಕೆ ಏರಿದಾಗ ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ತಳ್ಳುತ್ತದೆ.

ಸಾರಿನ ಪುಡಿ, ಮೆಣಸಿನ ಪುಡಿಯೂ ಚೆಕ್‌ಇನ್‌ಗೆ. ಮಗಳಿಗೆಂದು ಒಯ್ಯುವ ಮೆಟ್ಟುಕತ್ತಿ, ಈಳಿಗೆ ಮಣೆ ಕೈಚೀಲದಲ್ಲಿ ಇದ್ದರೆ ಅಲ್ಲೇ ಹೋಯಿತು. ಚೆಕ್‌ಇನ್ ಚೀಲದಲ್ಲಾದರೆ ಅಲಗಿಗೆ ದಪ್ಪ ರಟ್ಟು ಸುತ್ತಿ, ಟೇಪ್ ಹಾಕಿ, ಚೀಲ ಬಿಚ್ಚಿ ನೋಡುವವರ ಕೈ ಕೊಯ್ಯದಂತೆ ಇಡಿ. ಕಬ್ಬಿಣದ ಕಾವಲಿ ಒಯ್ಯಲು ಅಡ್ಡಿಯಿಲ್ಲ, ತೂಕ ಮಾತ್ರ ನೋಡಿಕೊಳ್ಳಿ.

ಪವರ್ ಬ್ಯಾಂಕಿನದು ಉಲ್ಟಾ ನಿಯಮ: ಅದು ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಚೀಲದಲ್ಲಿ ಇರಲೇಬಾರದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ಆರಿಸಬಹುದು, ಸಾಮಾನಿನ ಗೂಡಿನಲ್ಲಿ ಆಗದು. ಮಿತಿ 100 ವ್ಯಾಟ್ ಅವರ್. ಬೆನ್ನಿನ ಮೇಲೆ ಎಂಎಎಚ್ ಎಂದಷ್ಟೇ ಬರೆದಿದ್ದರೆ 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000ದ್ದು 74 ಆಗುತ್ತದೆ, ಧಾರಾಳ ಸಾಕು. 30,000ದ್ದು 111, ಅದಕ್ಕೆ ಏರ್‌ಲೈನಿನ ಒಪ್ಪಿಗೆ ಬೇಕು. ಬರಹವೇ ಅಳಿಸಿಹೋಗಿದ್ದರೆ ಮನೆಯಲ್ಲಿ ಬಿಡಿ, ಅಂಥದ್ದನ್ನು ಬಿಡುವುದಿಲ್ಲ. ಅಗರಬತ್ತಿಯ ಜೊತೆಗೆ ಇಟ್ಟ ಬೆಂಕಿಪೊಟ್ಟಣ, ಲೈಟರ್ ಎರಡು ಚೀಲಕ್ಕೂ ನಿಷಿದ್ಧ.

ಹೋಗುವ ದೇಶದ ಕಟ್ಟಳೆ ಬೇರೆಯೇ. ಯುಎಇಗೆ ಗಸಗಸೆ ಒಯ್ಯಬೇಡಿ, ಒಂದು ಚಿಟಿಕೆಯೂ ಬೇಡ. ಅಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಬೀಳುತ್ತದೆ, ಜೈಲಿನ ಮಾತು. ಗಸಗಸೆ ಹಾಕಿ ಅರೆದ ಮಸಾಲೆ ಪುಡಿಯೂ ಅದೇ ಲೆಕ್ಕ. ವೀಳ್ಯದೆಲೆ, ಗುಟ್ಕಾ ಕೂಡ ದುಬೈಯಲ್ಲಿ ನಿಷೇಧ. ಎಲೆ ಅಡಿಕೆಯ ಸಂಚಿ ಸೊಂಟದಲ್ಲೇ ಇಟ್ಟುಕೊಳ್ಳುವ ಅಜ್ಜ ಅಜ್ಜಿಯರಿಗೆ ಇದನ್ನು ಮೊದಲೇ, ಮೆತ್ತಗೆ ಹೇಳಿ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಮಾತ್ರೆ ಅನುಮತಿಯಿಲ್ಲದೆ ಅಲ್ಲಿಗೆ ಒಯ್ಯುವಂತಿಲ್ಲ. ಅಮೆರಿಕಕ್ಕೆ ಹಸಿ ಕರಿಬೇವು ಬೇಡ, ಅದರಿಂದ ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುತ್ತದೆ ಎಂದು ನಿಷೇಧಿಸಿದ್ದಾರೆ. ಕುಚ್ಚಲಕ್ಕಿಯೂ ಬೇಡ. ಖಾಪ್ರಾ ಎಂಬ ಧಾನ್ಯದ ಹುಳದ ಭಯಕ್ಕೆ ನಮ್ಮ ದೇಶದ ಅಕ್ಕಿಯನ್ನು ಚೀಲದಲ್ಲಿ ಬರಗೊಡುವುದಿಲ್ಲ. ಹಪ್ಪಳ, ಸಂಡಿಗೆ, ಚಕ್ಕುಲಿಗೆ ತೊಂದರೆ ಕಡಿಮೆ, ಆದರೆ ಫಾರಂನಲ್ಲಿ 'ಆಹಾರ ಇದೆಯೇ' ಎಂದು ಕೇಳಿದರೆ 'ಹೌದು' ಎಂದೇ ಬರೆಯಿಸಿ. ಹೇಳಿದ್ದನ್ನು ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಹೇಳದೆ ಸಿಕ್ಕಿದ್ದಕ್ಕೆ ದಂಡ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ಇದು ಇನ್ನೂ ಬಿಗಿ.

ತೂಕಕ್ಕೆ ನೇತಾಡಿಸುವ ಡಿಜಿಟಲ್ ತಕ್ಕಡಿ ಒಂದು ಮನೆಯಲ್ಲಿರಲಿ. ಬಚ್ಚಲ ಬದಿಯ ತೂಕದ ಯಂತ್ರದಲ್ಲಿ ಸೂಟ್‌ಕೇಸ್ ಹಿಡಿದು ನಿಂತು ಕಳೆಯುವ ಲೆಕ್ಕ ಒಂದೆರಡು ಕಿಲೋ ತಪ್ಪುತ್ತದೆ. 23 ಕಿಲೋ ಮಿತಿಯಿದ್ದರೆ 22ಕ್ಕೆ ನಿಲ್ಲಿಸಿ. 32 ಕಿಲೋ ದಾಟಿದ ಒಂದೇ ಚೀಲವನ್ನು ದುಡ್ಡು ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಹೊರುವವರ ಬೆನ್ನಿನ ಪ್ರಶ್ನೆ ಅದು. ಮಂಗಳೂರಿನಿಂದ ಮುಂಬೈಗೆ ಬೇರೆ ಟಿಕೆಟ್, ಮುಂಬೈಯಿಂದ ವಿದೇಶಕ್ಕೆ ಬೇರೆ ಟಿಕೆಟ್ ತೆಗೆದವರಿಗೆ ಇನ್ನೊಂದು ಪೆಟ್ಟು ಇದೆ. ದೇಶದೊಳಗಿನ ಸಾದಾ ಟಿಕೆಟಿಗೆ ಸಿಗುವುದು 15 ಕಿಲೋ, ಕೈಯಲ್ಲಿರುವುದು ಎರಡು ಚೀಲ ಸೇರಿ 46. ಉಳಿದದ್ದಕ್ಕೆ ಕಿಲೋ ಲೆಕ್ಕದಲ್ಲಿ ತೆರಬೇಕು. ಎರಡೂ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ ಇದ್ದರೆ ವಿದೇಶದ ಮಿತಿಯೇ ಪೂರ್ತಿ ದಾರಿಗೆ ಅನ್ವಯಿಸುತ್ತದೆ, ಚೀಲವೂ ನೇರ ಕೊನೆಯ ಊರಿಗೆ ಹೋಗುತ್ತದೆ.

ಮದುವೆಗೆಂದು ಒಡವೆ ಹಾಕಿಕೊಂಡು ಹೋಗುವವರು ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ ಅದು ಇಲ್ಲಿಂದಲೇ ಹೋದದ್ದು ಎಂದು ರುಜುವಾತು ಮಾಡುವುದು ನಿಮ್ಮ ತಲೆಯ ಮೇಲೆ. ಬಿಲ್ಲು, ಒಡವೆಗಳ ಫೋಟೋ ಜೊತೆಗಿರಲಿ, ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಗಾಲಿಕುರ್ಚಿ

ಟಿ2 ದೊಡ್ಡದು. 2014ರಲ್ಲಿ ತೆರೆದ ಈ ಕಟ್ಟಡದ ನೆತ್ತಿಯ ನವಿಲುಗರಿ ವಿನ್ಯಾಸ ನೋಡಲು ಚೆನ್ನ, ಆದರೆ ಕೌಂಟರಿನಿಂದ ಕೊನೆಯ ಗೇಟಿನವರೆಗೆ ನಡೆಯುವುದು ಮಂಡಿನೋವಿನವರಿಗೆ ಶಿಕ್ಷೆ. ಗಾಲಿಕುರ್ಚಿ ಕೇಳಲು ಸಂಕೋಚ ಬೇಡ, ಆದರೆ ಏರ್‌ಪೋರ್ಟಿಗೆ ಬಂದು ಕೇಳಬೇಡಿ. ಹೊರಡುವ 48 ಗಂಟೆ ಮೊದಲೇ ಏರ್‌ಲೈನಿಗೆ ತಿಳಿಸಿ, ಟಿಕೆಟಿನಲ್ಲಿ ನಮೂದಾಗಿದೆಯೇ ನೋಡಿ. ಮೂರು ಬಗೆ ಇದೆ: ಡಬ್ಲ್ಯುಸಿಎಚ್‌ಆರ್ ಎಂದರೆ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು. ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲೂ ಆಗದು. ಡಬ್ಲ್ಯುಸಿಎಚ್‌ಸಿ ಎಂದರೆ ಸೀಟಿನವರೆಗೂ ಎತ್ತಿ ಕೂರಿಸಬೇಕು. ವಿಮಾನಕ್ಕೆ ಬಸ್ಸಿನಲ್ಲಿ ಒಯ್ದು ಮೆಟ್ಟಿಲಿನಿಂದ ಹತ್ತಿಸುವ ಸಂದರ್ಭವೂ ಬರುತ್ತದೆ, ಹಾಗಾಗಿ ಮಂಡಿ ಶಸ್ತ್ರಚಿಕಿತ್ಸೆ ಆದವರಿಗೆ ಎರಡನೆಯದನ್ನೇ ಹೇಳಿ.

ಭಾಷೆ ಬಾರದ ಹಿರಿಯರಿಗೆ ಗಾಲಿಕುರ್ಚಿಯ ಇನ್ನೊಂದು ಲಾಭ, ತಳ್ಳುವವರು ಇಮಿಗ್ರೇಷನ್ನಿನಿಂದ ಗೇಟಿನವರೆಗೆ ದಾರಿ ತೋರಿಸುತ್ತಾರೆ. ಅದು ಉಚಿತ ಸೇವೆ. ಹಿರಿಯರ ಕೈಯಲ್ಲಿ ಒಂದು ಹಾಳೆ ಇರಲಿ: ಒಂದು ಬದಿ ಇಂಗ್ಲಿಷಿನಲ್ಲಿ ಹೋಗುವ ಮನೆಯ ವಿಳಾಸ, ಮಗಳ ಫೋನ್, ವಾಪಸ್ ತಾರೀಕು, ವಿಮೆಯ ನಂಬರ್, ಇನ್ನೊಂದು ಬದಿ ಅದೇ ಕನ್ನಡದಲ್ಲಿ. ಮಾತ್ರೆಗಳು ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲಿ. ಡಾಕ್ಟರ ಚೀಟಿ ಇದ್ದರೆ ಇನ್ಸುಲಿನ್ 100 ಮಿಲಿ ಲೆಕ್ಕಕ್ಕೆ ಬರುವುದಿಲ್ಲ. ಭಾರತೀಯರು ಹೊರಡುವಾಗ ಇಮಿಗ್ರೇಷನ್ ಚೀಟಿ ತುಂಬುವ ಪದ್ಧತಿ 2017ರ ಜುಲೈಯಿಂದ ಇಲ್ಲ. ಯಾರಾದರೂ 'ಫಾರಂ ತುಂಬಿಕೊಡುತ್ತೇನೆ' ಎಂದು ಹತ್ತಿರ ಬಂದರೆ ಬೇಡ ಎನ್ನಿ.

ಮನೆಯಿಂದ ಎಷ್ಟು ಹೊತ್ತಿಗೆ

ಹಿಂದಿನಿಂದ ಲೆಕ್ಕ ಹಾಕಿ. ವಿದೇಶ ವಿಮಾನದ ಕೌಂಟರ್ ಮುಚ್ಚುವುದು ಸಾಮಾನ್ಯವಾಗಿ 60 ನಿಮಿಷ ಮೊದಲು, ಕೆಲವರದು 75. ಮುಚ್ಚಿದ ಮೇಲೆ ವಿಮಾನ ಕಣ್ಣೆದುರು ನಿಂತಿದ್ದರೂ ಚೀಲ ತೆಗೆದುಕೊಳ್ಳುವುದಿಲ್ಲ. ಟರ್ಮಿನಲ್ ಬಾಗಿಲಿಗೆ ತಲುಪಬೇಕಾದ್ದು 3 ಗಂಟೆ ಮೊದಲು, ದೇಶದೊಳಗಿನದಕ್ಕೆ 2 ಗಂಟೆ. ಉದಾಹರಣೆಗೆ 02:30ರ ವಿಮಾನಕ್ಕೆ ರಾತ್ರಿ 11:30ಕ್ಕೆ ಟಿ2 ಮುಂದೆ ಇರಬೇಕು. ಡೊಂಬಿವಲಿಯಿಂದ ರಾತ್ರಿ ದಾರಿಗೆ ಒಂದೂವರೆ ಗಂಟೆ, ಟೈರಿಗೂ ಟ್ರಕ್ಕಿಗೂ ಎಂದು ಅರ್ಧ ಗಂಟೆ. ಅಂದರೆ 9:30ಕ್ಕೆ ಕಾರು ಬಿಡಬೇಕು. ಅದೇ ವಿಮಾನ ರಾತ್ರಿ 9ಕ್ಕಿದ್ದರೆ ಸಂಜೆಯ ಜನಸಾಗರದಲ್ಲಿ ಈ ಲೆಕ್ಕ ನಡೆಯದು, ಮಧ್ಯಾಹ್ನ 3ಕ್ಕೇ ಹೊರಡಿ. ಸಾಕಿನಾಕಾ ಮತ್ತು ಅಂಧೇರಿ ಕುರ್ಲಾ ರಸ್ತೆಯನ್ನು ಸಂಜೆ ನಂಬಿದವರು ಕೆಟ್ಟರು. ಥಾಣೆ ಕಡೆಯವರು ಜೆವಿಎಲ್‌ಆರ್ (ಜೋಗೇಶ್ವರಿ ವಿಕ್ರೋಲಿ ಲಿಂಕ್ ರೋಡ್) ಹಿಡಿದು ಹೈವೇಗೆ ಬನ್ನಿ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಿಂದ ಸಹಾರ್ ಮೇಲ್ಸೇತುವೆ ನೇರ ಟಿ2ರ ಡಿಪಾರ್ಚರ್ ಮಹಡಿಗೆ, ಅಂದರೆ 4ನೇ ಲೆವೆಲ್ಲಿಗೆ ಒಯ್ಯುತ್ತದೆ. ಹೈವೇಯಲ್ಲಿ ಟಿ2 ಬೋರ್ಡ್ ಕಂಡ ಕೂಡಲೇ ಲೇನ್ ಹಿಡಿಯಿರಿ, ತಪ್ಪಿದರೆ ಮುಂದೆ ಹೋಗಿ ತಿರುಗಿ ಬರಬೇಕು. ಈ ಮೇಲ್ಸೇತುವೆಗೆ ರಿಕ್ಷಾ ಬಿಡುವುದಿಲ್ಲ. ರಿಕ್ಷಾದಲ್ಲಿ ಬಂದವರು ಕೆಳಗಿಳಿದು ಲಿಫ್ಟ್ ಹುಡುಕಬೇಕು, ಎರಡು ದೊಡ್ಡ ಸೂಟ್‌ಕೇಸ್ ಇದ್ದರೆ ಅದು ಉಳಿತಾಯವಲ್ಲ.

ಪುಣೆಯಿಂದ ಬರುವವರು ಎಕ್ಸ್‌ಪ್ರೆಸ್‌ವೇಯ 94 ಕಿಲೋಮೀಟರಿಗೆ ಮೋಸ ಹೋಗಬೇಡಿ. ಘಾಟಿಯಲ್ಲಿ ಒಂದು ಕಂಟೇನರ್ ಅಡ್ಡ ನಿಂತರೆ ಎರಡು ಗಂಟೆ ಮಾಯ. ಮನೆಯಿಂದ ಟರ್ಮಿನಲ್ಲಿಗೆ 5 ಗಂಟೆ, ಅದರ ಮೇಲೆ 3 ಗಂಟೆ ಇಟ್ಟುಕೊಳ್ಳಿ.

ಮಳೆಗಾಲ ಬೇರೆ ಅಧ್ಯಾಯ. 2005ರ ಜುಲೈ 26ರಂದು ಸಾಂತಾಕ್ರೂಜಿನ ಮಾಪಕದಲ್ಲಿ ಒಂದೇ ದಿನ 944 ಮಿ.ಮೀ. ಮಳೆ ದಾಖಲಾಗಿ ಏರ್‌ಪೋರ್ಟೇ ಮುಚ್ಚಿತ್ತು. ಅಂಥದ್ದು ದಿನವೂ ಆಗದು, ಆದರೆ ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ, ಕಿಂಗ್ಸ್ ಸರ್ಕಲ್ ಪಕ್ಕದ ಗಾಂಧಿ ಮಾರ್ಕೆಟ್, ಹಿಂದ್‌ಮಾತಾ ಇವುಗಳಲ್ಲಿ ನೀರು ನಿಲ್ಲುವುದು ಪ್ರತಿವರ್ಷದ ಪಾಠ. ಅಂಧೇರಿ ಪಶ್ಚಿಮದಿಂದ ಬರುವವರು ಸಬ್‌ವೇ ಬಿಟ್ಟು ಗೋಖಲೆ ಸೇತುವೆ ಹತ್ತಿ. ಊರಿನಿಂದ ರೈಲಿನಲ್ಲಿ ಬಂದ ದಿನವೇ ವಿಮಾನ ಇಟ್ಟುಕೊಳ್ಳಬೇಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ವೇಗವೂ ಕಡಿಮೆ. ಗುಡ್ಡ ಜಾರಿದರೆ ರೈಲು ಎಲ್ಲೋ ರತ್ನಾಗಿರಿಯಲ್ಲಿ ನಿಂತಿರುತ್ತದೆ. ನಡುವೆ ಪೂರ್ತಿ ಒಂದು ದಿನ ಇರಲಿ, ಜೂನ್ ಜುಲೈಯಲ್ಲಿ ಎರಡು.

ಇನ್ನೊಂದು ಸಣ್ಣ ವಿಷಯ. ಇಲ್ಲಿಯ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುತ್ತವೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಬಳಸಲಾಗದು. ಮಳೆಗೆ ಮೊದಲು ಒಂದು ದಿನ, ಮಳೆ ಮುಗಿದ ಮೇಲೆ ಒಂದು ದಿನ ಎರಡನ್ನೂ ದುರಸ್ತಿಗೆಂದು ಬೆಳಗ್ಗೆ 11ರಿಂದ ಸಂಜೆ 5ರ ತನಕ ಮುಚ್ಚುತ್ತಾರೆ. ತಾರೀಕು ಬಹಳ ಮೊದಲೇ ಪ್ರಕಟವಾಗುತ್ತದೆ.

ಮೆಟ್ರೋದಲ್ಲಿ ಹೋಗಬಹುದೇ

ಒಂದು ಕೈಚೀಲ, ಒಂದು ಟ್ರಾಲಿ ಇದ್ದರೆ ಧಾರಾಳವಾಗಿ. 3ನೇ ಲೈನ್, ಅಂದರೆ ಅಕ್ವಾ ಲೈನ್, 2025ರ ಅಕ್ಟೋಬರಿನಿಂದ ಆರೇಯಿಂದ ಕಫ್ ಪರೇಡ್ ತನಕ ಪೂರ್ತಿ ಓಡುತ್ತಿದೆ. ಟಿ1, ಟಿ2 ಎರಡಕ್ಕೂ ಅದರಲ್ಲಿ ಬೇರೆ ಬೇರೆ ಸ್ಟೇಷನ್ ಇವೆ, ನಡುವೆ ಸಹಾರ್ ರೋಡ್ ಒಂದೇ. ತಪ್ಪು ಟರ್ಮಿನಲ್ಲಿಗೆ ಬಂದುಬಿಟ್ಟರೆ ಟ್ಯಾಕ್ಸಿಗಿಂತ ಇದೇ ವಾಸಿ.

ಡೊಂಬಿವಲಿ, ಥಾಣೆಯವರು ಲೋಕಲ್‌ನಲ್ಲಿ ಘಾಟ್ಕೋಪರಿಗೆ ಬಂದು 1ನೇ ಲೈನ್ ಹತ್ತಿ, ಮರೋಲ್ ನಾಕಾದಲ್ಲಿ ಇಳಿದು 3ನೇ ಲೈನಿಗೆ ಬದಲಾಯಿಸಿ, ಮುಂದಿನ ಸ್ಟೇಷನ್ನೇ ಟಿ2. ದಹಿಸರ್, ಬೊರಿವಲಿ ಪೂರ್ವದವರು 7ನೇ ಲೈನಿನಲ್ಲಿ ಗುಂದವಲಿಗೆ ಬಂದು ಅಲ್ಲಿಂದ 1ನೇ ಲೈನಿಗೆ ನಡೆದು ದಾಟಿ, ಮತ್ತೆ ಮರೋಲ್ ನಾಕಾ. ಮಾಟುಂಗ, ದಾದರ್ ಕಡೆಯವರಿಗೆ ದಾದರಿನಿಂದ ನೇರ ಒಂದೇ ಗಾಡಿ. ಒಂದು ಬಲೆ ಇದೆ: 1ನೇ ಲೈನಿನಲ್ಲಿ 'ಏರ್‌ಪೋರ್ಟ್ ರೋಡ್' ಎಂಬ ಸ್ಟೇಷನ್. ಹೆಸರು ನಂಬಿ ಇಳಿದರೆ ಅಂಧೇರಿ ಕುರ್ಲಾ ರಸ್ತೆಯಲ್ಲಿ ನಿಂತಿರುತ್ತೀರಿ, ಟರ್ಮಿನಲ್ ಇನ್ನೂ ದೂರ. ಅಂಧೇರಿ ಕಡೆಯಿಂದ ಬರುವವರಿಗೆ ಅದರ ಮುಂದಿನದೇ ಮರೋಲ್ ನಾಕಾ, ಇನ್ನೆರಡು ನಿಮಿಷ ಕೂತಿರಿ; ಘಾಟ್ಕೋಪರಿನಿಂದ ಬರುವವರಿಗೆ ಮರೋಲ್ ನಾಕಾ ಅದಕ್ಕಿಂತ ಮೊದಲೇ ಬರುತ್ತದೆ. ಮೆಟ್ರೋ ರಾತ್ರಿಯಿಡೀ ಓಡುವುದಿಲ್ಲ, ನಡುರಾತ್ರಿಯ ವಿಮಾನಕ್ಕೆ ಹೋಗುವಾಗ ಸಿಕ್ಕರೂ ಬಿಟ್ಟು ಬರುವವರಿಗೆ ವಾಪಸ್ ಗಾಡಿ ಸಿಗದು.

ಒಳಗೆ

ದೇಶದೊಳಗಿನ ಪ್ರಯಾಣಕ್ಕೆ ಡಿಜಿ ಯಾತ್ರಾ ಆ್ಯಪ್‌ನಲ್ಲಿ ಮನೆಯಲ್ಲೇ ಆಧಾರ್ ಜೋಡಿಸಿ, ಬೋರ್ಡಿಂಗ್ ಪಾಸ್ ಹಾಕಿಟ್ಟರೆ ಮುಖ ತೋರಿಸಿ ದಾಟಬಹುದು. ಆಧಾರಿಗೆ ಜೋಡಿಸಿದ ಮೊಬೈಲ್ ಊರಿನಲ್ಲೇ ಉಳಿದಿದ್ದರೆ ಒಟಿಪಿ ಬರುವುದಿಲ್ಲ, ಹಿರಿಯರ ವಿಷಯದಲ್ಲಿ ಇದೇ ಹೆಚ್ಚು. ಪದೇ ಪದೇ ವಿದೇಶಕ್ಕೆ ಹೋಗುವವರು ಎಫ್‌ಟಿಐ ಟಿಟಿಪಿ (ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್, ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ) ಯೋಜನೆಗೆ ಹೆಸರು ನೋಂದಾಯಿಸಿ. ಮುಂಬೈಗೆ ಇದು ಬಂದದ್ದು 2025ರ ಜನವರಿಯಲ್ಲಿ. ಆನ್‌ಲೈನ್ ಅರ್ಜಿ ಮಂಜೂರಾದ ಮೇಲೆ ಬೆರಳಚ್ಚು ಕೊಟ್ಟರೆ ಇಮಿಗ್ರೇಷನ್ ಸಾಲಿನ ಬದಲು ಇ ಗೇಟ್. ಅವಧಿ 5 ವರ್ಷ, ಅಥವಾ ಪಾಸ್‌ಪೋರ್ಟ್ ಮುಗಿಯುವ ತನಕ.

ಟರ್ಮಿನಲ್ ಬಾಗಿಲಿನಲ್ಲೇ ಟಿಕೆಟ್, ಪಾಸ್‌ಪೋರ್ಟ್ ಕೈಯಲ್ಲಿರಲಿ, ಚೀಲದ ತಳದಲ್ಲಲ್ಲ. ಬಿಟ್ಟು ಬರುವವರು ಕೂಡಲೇ ಮನೆಗೆ ಹೊರಡಬೇಡಿ. ಚೀಲ ಹೋಗಿ, ಇಮಿಗ್ರೇಷನ್ ಮುದ್ರೆ ಬಿದ್ದು, ಅವರಿಂದ ಫೋನ್ ಬರುವ ತನಕ ಪಾರ್ಕಿಂಗ್‌ನಲ್ಲಿರಿ. ತೂಕ ಹೆಚ್ಚಾಗಿ ವಾಪಸ್ ಬಂದ ಎರಡು ಕಿಲೋ ಬೆಲ್ಲವನ್ನು ಕೈಗೆ ತೆಗೆದುಕೊಳ್ಳಲು ಯಾರಾದರೂ ಬೇಕಲ್ಲ.

ವಾಪಸ್ ಬಂದವರನ್ನು ಕರೆತರಲು

ವಿಮಾನ ಇಳಿದ ಕೂಡಲೇ ಟರ್ಮಿನಲ್ ಮುಂದೆ ಕಾರು ತಂದು ನಿಲ್ಲಿಸಬೇಡಿ. ಇಮಿಗ್ರೇಷನ್, ಬೆಲ್ಟ್, ಕಸ್ಟಮ್ಸ್ ಸೇರಿ ಒಂದು ಗಂಟೆ ಸಹಜ, ಗಾಲಿಕುರ್ಚಿ ಇದ್ದರೆ ಇನ್ನೂ ಸ್ವಲ್ಪ. 'ಚೀಲ ಕೈಗೆ ಬಂತು' ಎಂದು ಫೋನ್ ಬಂದ ಮೇಲೆ ಟಿ2ರ ಬಹುಮಹಡಿ ಪಾರ್ಕಿಂಗಿಗೆ ಹೋಗಿ, ಮಹಡಿ ಮತ್ತು ಕಂಬದ ನಂಬರನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿ. ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರುವವರಿಗೆ ಸುಂಕವಿಲ್ಲದೆ ತರಬಹುದಾದ ಒಡವೆ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20. ಅದಕ್ಕಿಂತ ಹೆಚ್ಚಿದ್ದರೆ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ (ರೆಡ್ ಚಾನೆಲ್) ಹೋಗಿ ಹೇಳಿಕೊಳ್ಳಿ.

ಕರೆಯಲು ಯಾರೂ ಇಲ್ಲದಿದ್ದರೆ ಹೊರಗೆ ಬರುವ ಮೊದಲು ಸಿಗುವ ಪ್ರೀಪೇಯ್ಡ್ ಟ್ಯಾಕ್ಸಿ ಕೌಂಟರಿನಲ್ಲಿ ಚೀಟಿ ಮಾಡಿಸಿ. ಚೀಟಿಯ ಡ್ರೈವರ್ ಪಾಲನ್ನು ಮನೆ ಮುಟ್ಟಿದ ಮೇಲೆಯೇ ಕೈಗೆ ಕೊಡಿ. ಹೊರಗೆ ಬಂದು 'ಅಣ್ಣ, ಟ್ಯಾಕ್ಸಿ' ಎಂದು ಕೈಚೀಲಕ್ಕೆ ಕೈ ಹಾಕುವವರ ಹಿಂದೆ ಹೋಗಬೇಡಿ. ಮೀಟರಿನ ಕನಿಷ್ಠ ದರ 2025ರ ಫೆಬ್ರವರಿಯಿಂದ ಟ್ಯಾಕ್ಸಿಗೆ 31 ರೂಪಾಯಿ, ರಿಕ್ಷಾಕ್ಕೆ 26, ಮೊದಲ ಒಂದೂವರೆ ಕಿಲೋಮೀಟರಿಗೆ. ರಾತ್ರಿ 12ರಿಂದ 5ರ ತನಕ ಅದರ ಮೇಲೆ ಕಾಲು ಪಾಲು. ರಿಕ್ಷಾಗಳು ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಬರುವುದಿಲ್ಲ. ಮಾಟುಂಗಕ್ಕೆ ಹೋಗುವವರು ಸಾಮಾನು ಎಷ್ಟೇ ಕಡಿಮೆ ಇರಲಿ, ಮೊದಲೇ ಟ್ಯಾಕ್ಸಿ ಹಿಡಿಯಿರಿ.